ಎರಡನೇ ಲಿವರ್

ಡಬ್ಬಿ ಬಂದದ್ದು ಗೋಣಿಚೀಲದಾಗ,
ಸಂಡೂರಿನ ಗುಜರಿಯಿಂದ, ಹಮಾಲಿ ಸೇರಿ ಎಂಟೂವರೆ ಸಾವಿರ.
ಬಿಚ್ಚಿದರ, ಗಣಿಯ ಕೆಂಪು ಧೂಳು
ಎಣ್ಣಿ ಕುಡದು ಹಲ್ಲಿನ ಸಂದ್ಯಾಗ ಗಟ್ಟಿಯಾಗಿ ಕುಂತಿತ್ತು.
ಮೌಲಾಲಿ ಮಿಸ್ತ್ರಿ ಡೀಸಲ್ಲಿನಾಗ ಮೂರು ಸಲ ತೊಳದ.
ಮೂರನೇ ಸಲದ ಡೀಸಲ್ಲೂ ಕೆಂಪು.

ಗಾಡಿ ಸುಬಲ ಮಂಡಲ್‌ದು. ಮೂರನೇ ಕ್ಯಾಂಪಿನವ.
ಹಿಂದಿನ ಎರಡೇ ಗಾಲಿ ಎಳಿಯೋ ಹಳೇ ಪಿಕಪ್ಪು,
ಬೆನ್ನ ಮ್ಯಾಲ ನೀಲಿ ಡ್ರಮ್ಮು, ಡ್ರಮ್ಮಿನಾಗ ಮೀನಮರಿ.
ಸಿಂಧನೂರಿನ ಸುತ್ತ ಯಾವ ಹೊಂಡಕ್ಕ
ಎಷ್ಟು ಕಾಟ್ಲಾ ಎಷ್ಟು ರೋಹು, ಬಾಯಿಲೆಕ್ಕ ಅವಗ.

"ನಾಕು ಗಾಲಿ ಡಬ್ಬಿ, ಎರಡು ಗಾಲಿ ಗಾಡಿಗೆ?"
ಚಾದ ಅಂಗಡಿ ನಿಂಗೋಜಿ ನಕ್ಕ.
"ಮುಂದಿನ ಆ್ಯಕ್ಸಲ್ ಎಲ್ಲೈತಪಾ?
ಎಮ್ಮಿಗೆ ಕುದುರಿ ಜೀನು ಬಿಗದಂಗಾತು."
ಸುಬಲ ಚಾ ಕುಡದು ರೊಕ್ಕ ಎಣಿಸಿಟ್ಟ.

ಮೊದಲನೇ ದಿನ ಕ್ಲಚ್ ಪ್ಲೇಟಿನ ಹಲ್ಲು ಕೂಡಲಿಲ್ಲ.
ರಾಯಚೂರಿಂದ ಬಸ್ಸಿನ ಕಂಡಕ್ಟರ ಕೈಯಾಗ
ಜೀಪಿನ ಪ್ಲೇಟು ತರಿಸಿದ್ವಿ.
ಎರಡನೇ ದಿನ ಡಬ್ಬಿ ಹೊರೋ ಅಡ್ಡಪಟ್ಟಿ
ಆರು ಬೆರಳು ಹಿಂದ ಸರದು ಹೊಸ ತೂತು ಬೇಡಿತು.
ಮೀಟರಿನ ವೈರು ಮುಟ್ಟಲೇ ಇಲ್ಲ.
"ಬಿಡ್ರಿ," ಅಂದ ಸುಬಲ,
"ಎಷ್ಟು ದೂರ ಬಂದಿ ಅಂತ ಕೇಳೋರು ಯಾರದಾರ.
ನಮ್ಮಪ್ಪನೂ ಲೆಕ್ಕ ಇಟ್ಟಿರಲಿಲ್ಲ."

ಮೂರನೇ ದಿನ ನನ್ನ ಪಾಳಿ. ನಾನು ಲೇತಿನವ, ಪಂಪಣ್ಣ.
ಡಬ್ಬಿ ಉದ್ದಾತು ಅಂದರ ಹಿಂದಿನ ಶಾಫ್ಟು ಗಿಡ್ಡಾಗಬೇಕು.
ಒಂಬತ್ತೂಕಾಲು ಇಂಚು.
ಅಳದೆ, ಹೊರಗ ಹೋಗಿ ಬಂದು ಮತ್ತ ಅಳದೆ.
ಅರಿವಿ ಆದರ ಮಡಚಿದ ಅಂಚು ಬಿಚ್ಚಬಹುದು,
ಕಬ್ಬಿಣಕ್ಕ ಮಡಿಕಿ ಇಲ್ಲ.
ಕಡದು, ವೆಲ್ಡಿಂಗ್ ಹಚ್ಚಿ, ಲೇತಿಗೆ ಕಟ್ಟಿ ತಿರುಗಿಸಿ
ಸೀಮೆಸುಣ್ಣ ಹಿಡದು ನೋಡಿದೆ:
ಒಂದೇ ಕಡಿಗೆ ಹತ್ತಿದರ ಸೊಟ್ಟ, ಸುತ್ತಲೂ ಹತ್ತಿದರ ನೆಟ್ಟಗ.
ಸೊಟ್ಟ. ಬಡದೆ. ಸೊಟ್ಟ. ಬಡದೆ.
ಸಂಜಿ ಕರೆಂಟು ಹೋಗೋ ಮುಂಚೆ
ಮೈ ಸುತ್ತ ಒಂದು ಪೂರಾ ಬಿಳಿ ಬಳಿ.

ಕ್ಯಾಬಿನ್ನಿನ ತಳಕ್ಕ ಎರಡನೇ ಲಿವರಿಗೆ ಜಾಗ ಇರಲಿಲ್ಲ.
ಹನುಮೇಶ ಗ್ರೈಂಡರ್ ಹಚ್ಚಿ ತಗಡು ಕೊಯ್ದ.
ಆ ತೂತಿಂದ ಬರೋ ಬಿಸಿ ಗಾಳಿಗೆ
ಹುಸೇನಪ್ಪ ಟ್ಯೂಬಿನ ರಬ್ಬರಿನ ಚೀಲ ಹೊಲದ,
ಚಪ್ಪಲಿ ಹೊಲಿಯೋ ಅದೇ ದಾರದಾಗ.

ಉಳದದ್ದು ಡಬ್ಬಿಯ ಮುಂದಿನ ಬಾಯಿ.
ಮುಂದಿನ ಗಾಲಿಗಂತ ಚಾಚಿದ ತೋಳು,
ಹಿಡಿಯಾಕ ಆ ಕಡೆ ಯಾರೂ ಇಲ್ಲ.
"ತಗಡಿಟ್ಟು ಬೆಸದು ಬಿಡು, ಮುಗೀತು," ಅಂದ ಮಿಸ್ತ್ರಿ.
ಸುಬಲ ಎದ್ದು ಬಂದ. "ಬೆಸುಗಿ ಬ್ಯಾಡ. ಬೋಲ್ಟ್ ಹಾಕ್ರಿ."
ಯಾಕ ಅಂತ ನಾನು ಕೇಳಲಿಲ್ಲ.
ಆರು ಬೋಲ್ಟಿನ ಮುಚ್ಚಳ ಕಡದು ಕೊಟ್ಟೆ.

ಟ್ರಾಯಲ್ಲಿಗೆ ಕಾಲುವಿ ಏರಿ ಮ್ಯಾಲ ಹೋದ್ವಿ.
ಡ್ರಮ್ಮಿನಾಗ ಖರೇನೇ ಮರಿ, ಜೀರಿಗಿಯಷ್ಟು ಸಣ್ಣವು.
ರಾತ್ರಿ ಮಳಿಗೆ ಎರಿಮಣ್ಣು ಬೆಲ್ಲದ ಪಾಕ ಆಗಿತ್ತು.
ಮೊದಲಾದರ ಇಲ್ಲಿ ಕ್ಲಚ್ಚು ಒತ್ತಿ ಬಿಟ್ಟು ಜಿಗಿಸಬೇಕು;
ಜಿಗಿತಕ್ಕ ಮರಿ ಡ್ರಮ್ಮಿನ ಗ್ವಾಡಿಗೆ ಬಡದು
ಹೊಂಡ ಮುಟ್ಟೂದ್ರಾಗ ಅರ್ಧ ಬೆಳ್ಳಗ ತೇಲತಿದ್ವು.

ಸುಬಲ ನಿಲ್ಲಿಸಿದ. ಎರಡನೇ ಲಿವರ್ ಎಳದ.
ಎಂಜಿನ್ನು ದೊಡ್ಡ ದನಿ ತಗೀತು, ಗಾಡಿ ಹೊಂಟದ್ದು
ಹೊಟ್ಟಿ ತುಂಬಿದ ಎಮ್ಮಿಯಂಗ. ನಿಂಗೋಜಿ ಅಂದದ್ದು ಖರೇ.
ಹನುಮೇಶ ಇಳದು ಬಾಜೂಕ ನಡಕೋತ ಬಂದ,
ಮುಂದ ಹೋಗಿ ನಿಂತು ನಮಗ ಕಾದ.
"ಜೋರು ಯಾರಿಗೆ ಬೇಕಾಗಿತ್ರಿ," ಅಂದ ಸುಬಲ,
"ನನಗ ಬೇಕಾದ್ದು ಸಾವಕಾಶ."
ತಿರುಗಿ ನೋಡಿದೆ. ಡ್ರಮ್ಮಿನ ನೀರು ಬರೇ ನಡುಗತಿತ್ತು.

ಸಿಗಬೀಳಲೇ ಇಲ್ಲ ಅಂತ ಹೇಳೂದಿಲ್ಲ.
ತೂಬಿನ ಹತ್ತರ ಒಮ್ಮೆ ಸಿಗಬಿತ್ತು.
ಮುಂದಿನ ಗಾಲಿ ಕೆಸರು ದಬ್ಬಿ ಸುಮ್ಮನ ನಿಂತವು,
ಅವಕ್ಕ ಸುದ್ದಿನೇ ಮುಟ್ಟಿರಲಿಲ್ಲ.
ಇಳದು ನೂಕಿದ್ವಿ.

ಈಗ ತಿಂಗಳಿಗೊಮ್ಮೆ ಬರತಾನ,
ಮುಚ್ಚಳ ಸೋರತೈತೇನು ನೋಡು ಅಂತಾನ.
ಹಿಂದಿನ ಗಾಲಿ ಜಾಕಿಗೆ ಎತ್ತಿ ನಾನು ಅಂಗಾತ ಮಕ್ಕೊತೀನಿ.
ಅವ ಮ್ಯಾಲಿಂದ ಲಿವರ್ ಎಳೀತಾನ.
ಮುಚ್ಚಳದ ಒಳಗ ಆ ತೋಳು ತಿರುಗೂದು
ಬೆರಳಿಗೆ ಗೊತ್ತಾಗತೈತಿ.
ಎಣ್ಣಿ ಒಂದು ಹನಿ ಇಲ್ಲ.
ಆದರೂ ಆರೂ ಬೋಲ್ಟಿಗೆ ಪಾನಾ ಹಚ್ಚತೀನಿ.
ಬಾಳ ಬಿಗಿ ಮಾಡೂದಿಲ್ಲ.